ಪುಂಡಿಪಲ್ಯ ಮಾರುವ ಗೋಡೆ

ಹುಬ್ಬಳ್ಳಿಯ ಬೆಲ್ಲದಪೇಟೆಯಲ್ಲಿ ಒಂದು ಗೋಡೆ ಪುಂಡಿಪಲ್ಯದ ಸೊಪ್ಪು ಮಾರುತ್ತಿದೆ ಎಂಬ ದೂರು ಗಿರಮಿಟ್ ಗೇಮ್ಸ್ ಕಂಪನಿಯ ಕಂಟ್ರೋಲ್ ರೂಮಿಗೆ ಬಂದಾಗ ಸೋಮವಾರ ಬೆಳಿಗ್ಗೆ ಹತ್ತೂವರೆ. ಮೊದಲ ದೂರಿಗೆ ಎಲ್ಲರೂ ನಕ್ಕರು. ಹನ್ನೊಂದನೆಯದಕ್ಕೆ ನಗು ನಿಂತಿತು. ಐವತ್ತನೆಯದು ದೂರಾಗಿರಲಿಲ್ಲ, ಹರಕೆಯಾಗಿತ್ತು. ಗೋಡೆಯೊಳಗಿನ ತಾಯಿ ತಮ್ಮ ಮಗಳಿಗೊಂದು ಗಂಡು ಹುಡುಕಿಕೊಟ್ಟರೆ ಕನ್ನಡಕದ ಕಂಪನಿಗೇ ಬೆಳ್ಳಿಯ ಕಣ್ಣು ಮಾಡಿಸಿ ಕೊಡುವುದಾಗಿ ಉಣಕಲ್ಲಿನ ಒಬ್ಬರು ಬರೆದಿದ್ದರು.

"ಒಂದರದ್ದು ದನಿ ಹಾಕ್ರಿ ನೋಡೂಣು," ಎಂದರು ಮಾಲೀಕರಾದ ಬಸವಪ್ರಭು ಅಂಗಡಿ.

ದೊಡ್ಡ ಪರದೆಯ ಮೇಲೆ ಬೆಲ್ಲದಪೇಟೆ ಬಂತು. ತಿಳಿಹಳದಿ ಬಣ್ಣದ ಗೋಡೆ, ಅದರ ಮೇಲೆ ಕಂಪನಿಯವರೇ ಬರೆದ ಕಾಗದದ ಹೂವಿನ ಬಳ್ಳಿ. ಗೋಡೆಯ ಮುಂದೆ ಒಂದು ನರಪಿಳ್ಳೆಯೂ ಇಲ್ಲ. ಯಾರೂ ಇಲ್ಲದ ಆ ಜಾಗದಿಂದ ಒಂದು ದನಿ ಎದ್ದಿತು.

"ಪುಂಡಿಪಲ್ಯಾ... ರಾಜಗಿರೀ... ಎಳೀದೈತಿ ಬರ್ರೆವ್ವಾ, ಈಗರೆ ಹರದದ್ದು..."

ದಕ್ಷಾಳ ಕೈಯಲ್ಲಿದ್ದ ಚಹದ ಲೋಟ ತುಟಿಯವರೆಗೆ ಹೋಗಿ ಅಲ್ಲೇ ನಿಂತಿತು. ಈ ದನಿಯನ್ನು ಅವಳು ಹುಟ್ಟಿದಾಗಿನಿಂದ ಕೇಳಿದ್ದಳು. ಈ ದನಿಯೇ ಅವತ್ತು ಬೆಳಿಗ್ಗೆ ಅವಳಿಗೆ ಅವಲಕ್ಕಿ ಕಲಸಿ ಕೊಟ್ಟು, ಡಬ್ಬಿ ಮರೆಯಬೇಡ ಎಂದು ಬಾಗಿಲವರೆಗೂ ಬಂದಿತ್ತು.

ಕಥೆ ಮುಂದೆ ಹೋಗಲು ಬೇಕಾದಷ್ಟು ವಿಜ್ಞಾನವನ್ನು ಇಲ್ಲೇ ಹೇಳಿ ಮುಗಿಸುವುದು ಒಳ್ಳೆಯದು. ಕನ್ನಡಕದ ಹೆಸರು 'ಚಂದಗಣ್ಣು'. ಹೆಸರಿಗಷ್ಟೇ ಕನ್ನಡಕ, ಅದರಲ್ಲಿ ಗಾಜಿಲ್ಲ. ಹೊರಮುಖಕ್ಕೆ ಎರಡು ಕ್ಯಾಮೆರಾ, ಒಳಮುಖಕ್ಕೆ ಎರಡು ಪುಟ್ಟ ಪರದೆ, ನಡುವೆ ಮುಕ್ಕಣ್ಣ ಕಂಪನಿಯ ಗ್ರಾಫಿಕ್ಸ್ ಚಿಪ್ಪು. ಕ್ಯಾಮೆರಾ ಊರನ್ನು ನೋಡುತ್ತದೆ, ಚಿಪ್ಪು ಊರನ್ನು ತಿದ್ದಿ ಬರೆಯುತ್ತದೆ, ನೀವು ತಿದ್ದಿದ ಊರನ್ನು ನೋಡುತ್ತೀರಿ. ಕಸದ ರಾಶಿ ಗುಡ್ಡವಾಗುತ್ತದೆ, ಚರಂಡಿಯಲ್ಲಿ ಕಮಲ ಅರಳುತ್ತದೆ, ಬೀದಿನಾಯಿ ಜಿಂಕೆಯಾಗಿ ಬೊಗಳುತ್ತದೆ. ವರ್ಷದೊಳಗೆ ಊರಿಗೆ ಊರೇ ಅದನ್ನು ಮೂಗಿಗೇರಿಸಿಕೊಂಡಿತು. ಬಸ್ಸಿನ ಟಿಕೆಟು, ಆಫೀಸಿನ ಹಾಜರಿ, ಮದುವೆಯ ಕರೆಯೋಲೆ ಎಲ್ಲವೂ ಅದರಲ್ಲೇ. ತೆಗೆದಿಡುವುದು ಸ್ನಾನಕ್ಕೆ ಮತ್ತು ನಿದ್ದೆಗೆ ಮಾತ್ರ. ಹಗಲು ಬಯಲಿನಲ್ಲಿ ತೆಗೆದರೆ ಈರುಳ್ಳಿ ಹೆಚ್ಚಿದಂತೆ ಅರ್ಧ ತಾಸು ಕಣ್ಣಲ್ಲಿ ನೀರು, ಜೊತೆಗೆ ತಲೆಸುತ್ತು.

ಗಿರಮಿಟ್‌ನವರು ಮೊದಲು ವಿಡಿಯೊ ಗೇಮ್ ಮಾಡುತ್ತಿದ್ದರು. ಚಿತ್ರ ಇವರದು, ಚಿಪ್ಪು ಮುಕ್ಕಣ್ಣನವರದು ಎಂದು ಎರಡೂ ಕಂಪನಿಗಳಿಗೆ ಒಪ್ಪಂದವಾಯಿತು. ಅಂಗಡಿಯವರು ಅದನ್ನು ಬೀಗತನ ಎನ್ನುತ್ತಿದ್ದರು, ಅದು ನಿಜವಾಗಿಯೂ ಬೀಗತನವೇ. ಗಂಡಿನ ಕಡೆಯ ಚಿಪ್ಪಿನವರು ಕೇಳಿದ್ದಕ್ಕೆಲ್ಲ ಹೆಣ್ಣಿನ ಕಡೆಯ ಚಿತ್ರದವರು ಹೂಂಗುಡಬೇಕು. ಪರದೆ ಹೊತ್ತಿಕೊಂಡ ಕೂಡಲೇ ಮೂರು ಕಣ್ಣಿನ ಮುದ್ರೆ ಮೊದಲು ಬರಬೇಕು. ಅದೇ ಚಿತ್ರ ಬೇರೆ ಕಂಪನಿಯ ಚಿಪ್ಪಿನಲ್ಲಿ ಸ್ವಲ್ಪ ಕುಂಟಬೇಕು. ಇಷ್ಟು ಸಾಲದೆಂಬಂತೆ ಮುಕ್ಕಣ್ಣನವರ ಎಂಜಿನಿಯರ್ ದೇವದತ್ತ ಸಾಮಂತ ಬೆಂಗಳೂರಿನಿಂದ ಬಂದು ಗಿರಮಿಟ್ ಆಫೀಸಿನಲ್ಲೇ ಮನೆಅಳಿಯನ ಹಾಗೆ ಠಿಕಾಣಿ ಹೂಡಿದ್ದ.

ಸಾಮಂತನ ಬೇಡಿಕೆ ಒಂದೇ: ಸೆಕೆಂಡಿಗೆ ತೊಂಬತ್ತು ಚಿತ್ರ. ಕಡಿಮೆಯಾದರೆ ಹಾಕಿಕೊಂಡವರು ವಾಂತಿ ಮಾಡಿಕೊಳ್ಳುತ್ತಾರೆ. ತೊಂಬತ್ತು ಬೇಕೆಂದರೆ ಏನನ್ನಾದರೂ ಬರೆಯದೆ ಬಿಡಬೇಕು. ಏನನ್ನು ಬಿಡಬಹುದು ಎಂದು ಕತ್ತರಿ ಹಾಕುವವಳೇ ದಕ್ಷಾ. ಅವಳ ಪೂರ್ತಿ ಹೆಸರು ದ್ರಾಕ್ಷಾಯಣಿ. ಆಫೀಸಿನವರು ಮೊದಲು ಕತ್ತರಿ ಹಾಕಿದ್ದು ಆ ಹೆಸರಿಗೆ.

ಕತ್ತರಿ ಗೇಮಿನವರ ಹಳೆಯ ಕಸುಬು. ನೀವು ಬೆನ್ನು ತಿರುಗಿಸಿದ ಕ್ಷಣ ಹಿಂದಿನ ಅರಮನೆ ಮಾಯವಾಗಿರುತ್ತದೆ. ತಿರುಗಿ ನೋಡುವಷ್ಟರಲ್ಲಿ ಮತ್ತೆ ಬಂದು ನಿಂತಿರುತ್ತದೆ, ಸಾಹೇಬರ ಕಾರಿನ ಸದ್ದು ಕೇಳಿದ ಗುಮಾಸ್ತನ ಹಾಗೆ. ಆದರೆ ಊರಿಗೆ ಕತ್ತರಿ ಹಾಕುವುದು ಹೇಗೆ? ಅದಕ್ಕೊಂದು ಉಪಾಯ ಮಾಡಿದರು. ನಾಲ್ಕು ತಿಂಗಳ ಹಿಂದೆ ಆಫೀಸಿನ ನಲವತ್ತು ಜನ ಕನ್ನಡಕ ಹಾಕಿಕೊಂಡು ಒಂದು ವಾರ ಪೇಟೆಯಲ್ಲಿ ಓಡಾಡಿದರು. ಯಾರ ಕಣ್ಣು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಎಂದು ಕನ್ನಡಕವೇ ಬರೆದುಕೊಂಡಿತು. ನಲವತ್ತರಲ್ಲಿ ಒಬ್ಬರಾದರೂ ಒಂದಿಡೀ ಸೆಕೆಂಡು ನೋಡಿದ್ದು ಉಳಿಯುತ್ತದೆ. ಮಿಕ್ಕದ್ದು ಕತ್ತರಿಪಟ್ಟಿಗೆ, ಅದರ ಜಾಗಕ್ಕೆ ಹಿಂದಿನ ಗೋಡೆಯ ಬಣ್ಣ. ಓಡಾಡುವವರನ್ನು, ವಾಹನಗಳನ್ನು, ಕನ್ನಡಕ ಹಾಕಿದವರನ್ನು ಮುಟ್ಟುವಂತಿಲ್ಲ.

"ಒಬ್ಬರು ಸಾಕು, ಒಂದು ಸೆಕೆಂಡು ಸಾಕು" ಎಂಬ ನಿಯಮ ದಕ್ಷಾಳದೇ. ಸಾಮಂತ ಐದು ಜನ ಬೇಕು ಎಂದಿದ್ದ. ಇವಳೇ ಜಗಳವಾಡಿ ಇಳಿಸಿದ್ದಳು. ಹದಿನೈದು ದಿನಗಳ ಹಿಂದೆ ಆ ಪಟ್ಟಿ ಹೊಸ ಚಿಪ್ಪಿನೊಳಗೆ ಸೇರಿ ಎಲ್ಲರ ಮೂಗಿನ ಮೇಲೆ ಕೂತಿತ್ತು.

"ಇದು ಬಗ್ ಅಲ್ಲ ಸರ್, ಬಂಪರ್," ಎಂದ ಸಾಮಂತ, ಪರದೆಯ ಮೇಲಿನ ಗೋಡೆಯನ್ನೇ ನೋಡುತ್ತ. "ಎಲ್ಲಿಂದಲೋ ದನಿ ಸೋರ್ತಿದೆ, ಆಮೇಲೆ ನೋಡೋಣ. ಜನ ಆಗಲೇ ನಂಬಿಬಿಟ್ಟಿದ್ದಾರೆ. ನಾವೊಂದು ಮುಖ ಕೊಟ್ಟರೆ ಆಯ್ತು. ಮುಕ್ಕಣ್ಣ ಚಿಪ್ ಇದ್ದವರಿಗೆ ಮಾತ್ರ ಕಾಣೋ ದೇವಿ. ಬೇರೆ ಕಂಪನಿಯವರಿಗೆ ಬರೀ ಗೋಡೆ."

ಅಂಗಡಿಯವರ ಮುಖ ಅರಳಿತು. "ಹೆಸರೂ ಇಟ್ಟಾರಂತ, ಗ್ವಾಡೆವ್ವ. ನಾಳೆ ಹನ್ನೊಂದಕ್ಕ ಅಲ್ಲೆ ಕಟ್ಟಿ ಕಟ್ಟಾಕ ಕಲ್ಲು ಇಡ್ತಾರ. ಎಲ್ಲಾರೂ ಹೋಗೂಣು. ದಕ್ಷಾ, ನಾಳೆ ಅನ್ನೂದ್ರಾಗ ಒಂದು ಚಂದದ ಮುಖಾ ಬರೀರಿ. ವಯಸ್ಸಾದಾಕಿ ಇರ್ಲಿ. ಕಣ್ಣಾಗ ದಯಾ ಇರ್ಲಿ."

ಆಗ ಹೇಳಬಹುದಿತ್ತು. ದಕ್ಷಾ ಬಾಯಿಯನ್ನೂ ತೆರೆದಳು. ಅದರಿಂದ ಹೊರಬಂದದ್ದು "ಹೂಂ ಸರ್" ಎಂಬ ಎರಡು ಪದ. ಕೆಲಸಕ್ಕೆ ಸೇರಿದ ದಿನವೇ ಅವಳು ತಾಯಿಯದು ಹಾರ್ಟಿಕಲ್ಚರ್ ಬಿಸಿನೆಸ್ ಎಂದು ಹೇಳಿಬಿಟ್ಟಿದ್ದಳು. ಅದು ಸುಳ್ಳೇನಲ್ಲ. ಬಿಸಿನೆಸ್ಸಿನ ವಿಸ್ತಾರ ಒಂದು ಗೋಣಿಚೀಲದಷ್ಟು ಎಂಬುದನ್ನು ಮಾತ್ರ ಯಾರೂ ಕೇಳಿರಲಿಲ್ಲ, ಇವಳೂ ಹೇಳಿರಲಿಲ್ಲ.

ಸಂಜೆ ಆರಕ್ಕೆ ಮನೆ ಮುಟ್ಟಿದಳು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟಳು, ಅದರ ಪಕ್ಕದ ಗೂಡಿನಲ್ಲಿ ಕನ್ನಡಕ ಇಟ್ಟಳು. ಇದು ತಾಯಿ ಫಕೀರವ್ವ ಮಾಡಿದ ಕಾಯಿದೆ. ನನ್ನ ಮನೆಯಲ್ಲಿ ನನ್ನ ಖರೇ ಮುಖ ನೋಡಿ ಮಾತಾಡಬೇಕು ಎಂಬುದು ಅವಳ ಹಟ. ಹೀಗಾಗಿ ದಕ್ಷಾ ತನ್ನ ತಾಯಿಯನ್ನು ಈ ಹೊಸ ಚಿಪ್ಪಿನ ಮೂಲಕ ಒಮ್ಮೆಯೂ ನೋಡಿರಲಿಲ್ಲ. ಆಫೀಸಿಗೆ ಹೋಗುವ ದಾರಿಯಲ್ಲಿ ಬೆಲ್ಲದಪೇಟೆ ಸಿಗುತ್ತಿತ್ತು. ಅವಳು ಹಿಂದಿನ ಓಣಿಯಿಂದ ಹೋಗುತ್ತಿದ್ದಳು.

ಫಕೀರವ್ವ ಅಡುಗೆಮನೆಯ ಕಟ್ಟೆಗೆ ಒರಗಿ ಕೂತು ತೊಡೆಗೆ ಅರಿಸಿನ ಹಚ್ಚಿಕೊಳ್ಳುತ್ತಿದ್ದಳು.

"ಯವ್ವಾ, ಏನಾತಬೇ ಅದು?"

"ದೀಪ."

"ಎಂಥಾ ದೀಪ?"

"ಎಣ್ಣಿ ದೀಪ. ಒಬ್ಬಾಕಿ ಬಂದ್ಲು, ಸೀದಾ ನನ್ನ ತೊಡಿ ಮ್ಯಾಲ ಹಚ್ಚಿಟ್ಟು ಕೈ ಮುಗದ್ಲು. ಏ, ಸುಡತೈತಿ ತಗಿಯವಾ ಅಂದ್ರ, ತಾಯಿ ಮಾತಾಡಿದ್ಲು ಅಂತ ಗಳಗಳ ಅಳಾಕತ್ಲು. ಸುಟ್ಟಾಕಿ ನಾನು, ಅಳಾಕಿ ಆಕಿ."

"ಎದ್ದು ನಿಂದರಬೇಕಿಲ್ಲೋ?"

"ನಿಂತೆ. ನಿಂತದ್ದ ದೊಡ್ಡ ತಪ್ಪಾತು. ಪ್ರತ್ಯಕ್ಷ ಆದ್ಲು ಅಂತ ಓಣಿಗೆ ಓಣೀನ ಕಾಲಿಗೆ ಬಿತ್ತು. ಈ ಮೊಣಕಾಲ ಕಟ್ಟಿಕೊಂಡು ಎಷ್ಟೊತ್ತು ನಿಂದರ್ಲಿ? ಕುಂತೆ. ಕುಂತ ಕೂಡ್ಲೆ ಮಾಯ ಆದ್ಲು ಅಂತ ಮತ್ತ ಬಿದ್ರು." ಫಕೀರವ್ವ ಮೂಲೆಯ ಬುಟ್ಟಿಯ ಕಡೆ ಗದ್ದ ತೋರಿಸಿದಳು. "ಪಲ್ಯ ಒಂದು ಕಟ್ಟೂ ಹೋಗಿಲ್ಲ. ಕಾಯಿ ಮಾತ್ರ ಹನ್ನೊಂದು ಬಂದಾವು. ಒಂದು ಈ ಕಿವಿ ಬಾಜೂಕ ಒಡದ್ರು ನೋಡು, ಇನ್ನೂ ಗುಂಯ್ ಅಂತೈತಿ."

ಬುಟ್ಟಿಯಲ್ಲಿ ತೆಂಗಿನಕಾಯಿಯ ಹೋಳುಗಳು. ಅವುಗಳ ಕೆಳಗೆ ಬಾಡಿದ ಪುಂಡಿಪಲ್ಯ.

"ಎಷ್ಟು ದಿನ ಆತಬೇ ಹಿಂಗ?"

"ಹದಿನೈದು ದಿನ ಆಗಿರಬೇಕು. ಮೊದಲ ನಾಕು ದಿನ ನನಗ ಫರಕ ಗೊತ್ತಾಗಲಿಲ್ಲ. ಮಂದಿ ನನ್ನ ನೋಡಲಾರದ ಹೋಗೂದು ಹೊಸಾದೇನು? ಮುಂದ ಒಬ್ಬ ನನ್ನ ಕೈ ಮ್ಯಾಲ ಕಾಲಿಟ್ಟು ದಾಟಿದ ನೋಡು, ಆವಾಗ ಏನೋ ಐತಿ ಅನಸ್ತು. ಬಾಜೂಕಿನ ದುರ್ಗಪ್ಪಂದೂ ಇದ ಹಾಡು. ಚಪ್ಪಲಿ ಹೊಲ್ಯಾಕ ಕುಂದರಾಂವ ಅಂವಾ. ಅವನ ಹೆಗಲಿಗೆ ಸ್ಕೂಟರ್ ಆನಿಸಿ ಹ್ವಾದ್ನಂತ ಒಬ್ಬ."

ದಕ್ಷಾ ಗೋಡೆಗೆ ಬೆನ್ನು ಕೊಟ್ಟು ಕೂತಳು. ನಗಬೇಕೋ ಬೇಡವೋ ಎಂದು ಅವಳ ಮುಖಕ್ಕೆ ತಿಳಿಯಲಿಲ್ಲ. "ನಾಳೆ ಒಂದಿನ ಹೋಗಬ್ಯಾಡಬೇ."

"ಹೋಗಲಿಲ್ಲಂದ್ರ ಜಾಗಾ ಹೋಗತೈತಿ. ಮೂವತ್ತೊಂದು ವರ್ಷ ಕುಂತ ಜಾಗಾ ಅದು. ನಿನ್ನ ಕಂಪ್ಯೂಟರ್ ಓದಿದ್ದು ಅದರಾಗ. ಅಲ್ಲೆ ಕಲ್ಲು ಇಟ್ಟು ಕಟ್ಟಿ ಕಟ್ಟಿದ್ರ ಮುಂದ ನಾ ಎಲ್ಲಿ ಕುಂದರ್ಲಿ, ದೇವರ ತಲಿ ಮ್ಯಾಲೇನು?"

"ಯಾರಿಗರೆ ಹೇಳಬೇಕಿಲ್ಲೋ? ನನ್ನ ಮಗಳು ಅದ ಕಂಪನಿಯಾಗ ಅದಾಳ ಅಂತ."

ಫಕೀರವ್ವ ಅರಿಸಿನದ ಬೆರಳನ್ನು ಸೀರೆಯ ಸೆರಗಿಗೆ ಒರೆಸಿಕೊಂಡಳು. ಮಗಳನ್ನು ಒಮ್ಮೆ ನೋಡಿ, ಒಲೆಯ ಕಡೆ ತಿರುಗಿದಳು.

"ಹೇಳೂದಿಲ್ಲವಾ. ನಿನಗ ಸರಿ ಕಾಣೂದಿಲ್ಲ."

ಮರುದಿನ ಎಂಟಕ್ಕೇ ದಕ್ಷಾ ಲ್ಯಾಬಿನಲ್ಲಿದ್ದಳು. ದೇವಿಯ ಮುಖ ಬರೆಯುವ ಫೈಲನ್ನು ತೆರೆಯಲೇ ಇಲ್ಲ. ಕತ್ತರಿಪಟ್ಟಿ ತೆರೆದು ಬೆಲ್ಲದಪೇಟೆಯ ಹಳದಿ ಗೋಡೆಯನ್ನು ಹುಡುಕಿದಳು.

'ವಸ್ತು ೪೪೧೭. ಗೋಣಿಚೀಲ, ಹಸಿರು ಕಟ್ಟುಗಳು, ಹಿತ್ತಾಳೆ ತಂಬಿಗೆ. ಅಲುಗಾಟ ಕಡಿಮೆ.'

ಹೆಂಗಸು ಎಂಬ ಮಾತು ಎಲ್ಲಿಯೂ ಇರಲಿಲ್ಲ. ಅವಳು ನಲವತ್ತು ಜನರ ಲೆಕ್ಕವನ್ನು ಒಂದೊಂದಾಗಿ ಇಳಿಸಿದಳು. ಕೆಲವರ ಕಣ್ಣು ಅಲ್ಲಿ ಅರೆಕ್ಷಣ ನಿಂತಿತ್ತು. ಕ್ಯಾಂಟೀನಿನ ಮೇಲ್ವಿಚಾರಕರು ಸೊಪ್ಪಿನ ಆಸೆಗೋ ಏನೋ ಸೆಕೆಂಡಿನ ಹತ್ತರಲ್ಲಿ ಒಂಬತ್ತು ಭಾಗದಷ್ಟು ನೋಡಿದ್ದರು. ಇನ್ನೊಂದು ಭಾಗ ನೋಡಿದ್ದರೆ ಫಕೀರವ್ವ ಉಳಿಯುತ್ತಿದ್ದಳು.

ಕೊನೆಗೆ ತನ್ನದೇ ಸಾಲು ಸಿಕ್ಕಿತು. ಆ ವಾರ ಜೊತೆಯವರೊಂದಿಗೆ ಅವಳು ಆ ಗೋಡೆಯ ಮುಂದೆ ಹದಿನಾಲ್ಕು ಸಲ ಹಾದುಹೋಗಿದ್ದಳು. ಹದಿನಾಲ್ಕು ಸಲವೂ ಮೂರು ಹೆಜ್ಜೆ ಮೊದಲೇ ಕಣ್ಣು ಎದುರುಗಡೆಯ ಮೊಬೈಲ್ ಕವರಿನ ಅಂಗಡಿಗೆ ಹಾರಿತ್ತು. ಹತ್ತು ಹೆಜ್ಜೆ ದಾಟುವವರೆಗೆ ಅಲ್ಲಿಂದ ಮರಳಿರಲಿಲ್ಲ.

ಚಿಪ್ಪಿಗೆ ನಾಚಿಕೆ ಎಂದರೇನು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಕಣ್ಣು ತಪ್ಪಿಸುವುದು. ಸತ್ತ ಇಲಿಯಿಂದ, ತೆರೆದ ಚರಂಡಿಯಿಂದ ಜನ ಹೀಗೇ ಕಣ್ಣು ತಪ್ಪಿಸುತ್ತಾರೆ. ಅಂಥದ್ದನ್ನು ಎಲ್ಲಕ್ಕಿಂತ ಮೊದಲು ಕತ್ತರಿಸಬೇಕೆಂದು ಅದಕ್ಕೆ ಹೇಳಿಕೊಡಲಾಗಿತ್ತು. ಇಡೀ ಪಟ್ಟಿಯಲ್ಲಿ ಕಣ್ಣು ತಪ್ಪಿಸಿದ ಅಂಕ ಅತಿ ಹೆಚ್ಚು ಇದ್ದದ್ದು ಈ ಒಂದು ವಸ್ತುವಿಗೆ. ಆ ಅಂಕದಷ್ಟನ್ನೂ ಕೊಟ್ಟವರು ಒಬ್ಬರೇ.

ದಕ್ಷಾ ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. ಅದು ಗೋಡೆಗೆ ಬಡಿದ ಸದ್ದಿಗೆ ಸಾಮಂತ ಕಾಫಿ ಹಿಡಿದು ಬಂದ.

"ಯಾಕೆ, ದೇವಿ ಬರಲಿಲ್ವಾ?"

"ಈ ಪಟ್ಟಿಯಾಗ ಮನಷ್ಯಾರು ಅದಾರ, ಸಾಮಂತ."

ಸಾಮಂತ ಪರದೆ ನೋಡಿದ. ಕಾಫಿ ಕೆಳಗಿಟ್ಟ. ಅವನ ಮುಖದ ಬಣ್ಣವೂ ಸ್ವಲ್ಪ ಇಳಿಯಿತು. "ಎಷ್ಟು ಜನ?"

"ಗೊತ್ತಿಲ್ಲ. ಯಾರ ಹೆಸರೂ ಇಲ್ಲ. ಗೋಣಿಚೀಲ, ತಂಬಿಗೆ, ಹಳೇ ಕೊಡೆ ಅಂತ ಬರದೈತಿ."

"ಅವರು ಯಾರೂ ಕಂಪ್ಲೇಂಟ್ ಮಾಡಿಲ್ಲವಲ್ಲ?"

"ಕಾಣಲಾರದವರು ಬಂದು ಯಾರ ಮುಂದ ನಿಂದರ್ತಾರ? ತಗದಬಿಡ್ರಿ ಇದನ್ನ, ಈಗ."

"ಆಗಲ್ಲ. ವೇಗಕ್ಕೆ ಅಂತ ಪಟ್ಟೀನ ಚಿಪ್ ಒಳಗೇ ಕೆತ್ತಿಬಿಟ್ಟಿದೀವಿ. ಹೊಸ ಚಿಪ್ ಬರೋದು ಹನ್ನೊಂದು ತಿಂಗಳ ಮೇಲೆ." ಅವನು ಕುತ್ತಿಗೆ ತುರಿಸಿಕೊಂಡ. "ಒಂದು ದಾರಿ ಇದೆ. ನಿಮ್ಮ ನಿಯಮವೂ ಅದರೊಳಗೇ ಇದೆ. ಯಾರಾದರೂ ಒಬ್ಬರು ಒಂದು ಸೆಕೆಂಡ್ ನೋಡಿದ್ರೆ ಅದು ವಾಪಸ್ ಬರುತ್ತೆ, ಎಲ್ಲರ ಕನ್ನಡಕದಲ್ಲೂ. ಎದ್ದು ನಿಂತಾಗ ನೋಡಿದ್ದು ಓಡಾಡುವವರ ಲೆಕ್ಕಕ್ಕೆ ಹೋಗುತ್ತೆ, ಕೂತಿದ್ದಾಗಲೇ ನೋಡಬೇಕು."

"ಕಾಣಲಾರದ್ದನ್ನ ಹೆಂಗ ನೋಡೂದು?"

"ಅದೇ ಕಷ್ಟ. ಹತ್ತಿರದ್ದನ್ನ ನೋಡುವಾಗ ನಮ್ಮ ಎರಡೂ ಕಣ್ಣುಗುಡ್ಡೆ ಮೂಗಿನ ಕಡೆ ವಾಲುತ್ತೆ, ದೂರದ್ದಕ್ಕೆ ಅಗಲ ಆಗುತ್ತೆ. ಎಷ್ಟು ದೂರದಲ್ಲಿ ನೋಡ್ತಿದೀರಿ ಅನ್ನೋದನ್ನ ಚಿಪ್ ಅದರಿಂದ ಅಳೆಯುತ್ತೆ. ಗೋಡೆ ನೋಡಿದರೆ ಗೋಡೆಗೇ ಅಂಕ. ಗೋಡೆಗಿಂತ ಈಚೆ, ಆ ವ್ಯಕ್ತಿಯ ಮುಖ ಇರೋ ಕಡೆ, ಬರೀ ಗಾಳೀಲಿ ಕಣ್ಣು ನಿಲ್ಲಿಸಬೇಕು. ನಿಲ್ಲಲ್ಲ. ಬೇಕಾದ್ರೆ ಪ್ರಯತ್ನ ಮಾಡಿ."

ಹನ್ನೊಂದಕ್ಕೆ ಬೆಲ್ಲದಪೇಟೆ ಕಿಕ್ಕಿರಿದಿತ್ತು. ಕೈಗಾಡಿಯಲ್ಲಿ ಅರಿಸಿನ ಬಳಿದ ಚಪ್ಪಡಿ ಕಲ್ಲು, ಅದಕ್ಕೆ ನಾಲ್ಕು ಜನ ಗೌಂಡಿಗಳು. ಎಲ್ಲರ ಮೂಗಿನ ಮೇಲೂ ಚಂದಗಣ್ಣು. ಅಂಗಡಿಯವರು ರೇಷ್ಮೆ ಶಲ್ಯ ಹೊದ್ದು ಬಂದಿದ್ದರು. ಸಾಮಂತನೂ ಆಫೀಸಿನ ಆರೇಳು ಜನರೂ ಅವರ ಹಿಂದೆ ನಿಂತಿದ್ದರು. ಗೌಂಡಿಗಳು ಕಲ್ಲಿಗೆ ಕೈ ಹಾಕಿದರು.

"ಯಪ್ಪಾ, ಅಲ್ಲೆ ಇಡಬ್ಯಾಡ್ರೋ," ಎಂದಿತು ಗೋಡೆ. "ಅಲ್ಲೆ ನನ್ನ ಪಲ್ಯ ಐತಿ."

ಜನ ಒಮ್ಮೆಲೇ ಕೈ ಮುಗಿದರು. "ತಾಯಿ ಪಲ್ಯದ ಎಡಿ ಕೇಳಾಕತ್ತಾಳ," ಎಂದು ಒಬ್ಬರು ಅರ್ಥ ಹೇಳಿದರು. "ಯಾವ ಪಲ್ಯ ಅಂತ ಕೇಳ್ರಿ," ಎಂದರು ಇನ್ನೊಬ್ಬರು.

ದಕ್ಷಾ ಗುಂಪಿನಿಂದ ಹೊರಬಂದಳು. "ಕಲ್ಲು ಎತ್ತಬ್ಯಾಡ್ರಿ. ಅಲ್ಲೆ ಮನಷ್ಯಾರು ಕುಂತಾರ."

"ಮನಷ್ಯಾರಲ್ರೀ, ದೇವತಿ," ಎಂದು ಹಿರಿಯ ಗೌಂಡಿ ಮೃದುವಾಗಿ ತಿದ್ದಿದ.

ಅವಳು ಗೋಡೆಯ ಮುಂದೆ ನಿಂತು ಕಣ್ಣು ನೆಟ್ಟಳು. ಕಣ್ಣು ಜಾರಿ ಕಾಗದದ ಹೂವಿಗೆ ಹೋಗಿ ಕೂತಿತು. ಈಚೆಗೆ ಎಳೆದಳು, ಮತ್ತೆ ಜಾರಿತು. ಮುಖ ಎಲ್ಲಿರಬೇಕು? ಮಂಡಿಯೂರಿ ಕೂತಳು. ನಿಂತ ಅವ್ವನ ಎತ್ತರ ಗೊತ್ತಿತ್ತು, ಒಲೆಯ ಮುಂದೆ ಬಾಗಿದ ಅವ್ವನ ಬೆನ್ನು ಗೊತ್ತಿತ್ತು. ಗೋಣಿಚೀಲದ ಮೇಲೆ ಕೂತ ಅವ್ವನ ಮುಖ ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಶಾಲೆಗೆ ಹೋಗುವಾಗ ಗೊತ್ತಿತ್ತು.

"ದಕ್ಷಾ, ಏನು ನಡಿಸೀರಿ?" ಎಂದರು ಹಿಂದಿನಿಂದ ಅಂಗಡಿ.

ಅವಳು ಎರಡೂ ಕೈ ಮುಂದೆ ಚಾಚಿದಳು. ಗಾಳಿಯಲ್ಲಿ ಬೆರಳು ಹೋಗಿ ಒಂದು ಕಡೆ ನಿಂತಿತು. ಬೆಚ್ಚಗಿತ್ತು. ಎಣ್ಣೆ ಹಚ್ಚಿ ಬಿಗಿದ ಕೂದಲು, ಕಿವಿಯ ಮೇಲಂಚಿನಲ್ಲಿ ಬುಗುಡಿ, ಅದರ ಕೆಳಗೆ ಒಣಗಿದ ಕೆನ್ನೆ. ಅವಳ ಕಣ್ಣು ತನ್ನ ಬೆರಳ ತುದಿಯನ್ನು ನೋಡಿತು. ಬೆರಳು ಇದ್ದಲ್ಲೇ ಇತ್ತು, ಕಣ್ಣೂ ಅದರ ಜೊತೆ ನಿಂತಿತು. ಒಂದು ಸೆಕೆಂಡು ಎಂದರೆ ತೊಂಬತ್ತು ಚಿತ್ರ. ಅಷ್ಟು ಉದ್ದದ ಹೊತ್ತನ್ನು ಅವಳು ಯಾವ ಗೇಮಿನಲ್ಲೂ ಬರೆದಿರಲಿಲ್ಲ.

ಮೊದಲು ಬೆರಳ ಸುತ್ತ ಕಾಸಿನಗಲ ಚರ್ಮ ಬಂತು. ಅದರಿಂದ ಸುಕ್ಕುಗಳು ಹರಡಿದವು, ಬುಗುಡಿ ಹೊಳೆಯಿತು, ಹಣೆ ಬಂತು, ಸೆರಗು ಬಂತು. ಕೆಳಗೆ ಗೋಣಿಚೀಲ, ತಂಬಿಗೆ, ನೀರು ಚಿಮುಕಿಸಿದ ಪುಂಡಿಪಲ್ಯ. ಬೆನ್ನ ಹಿಂದೆ ನೂರಾರು ಜನರ ಉಸಿರು ಒಟ್ಟಿಗೆ ಒಳಗೆ ಹೋದ ಸದ್ದು ಕೇಳಿಸಿತು.

ಫಕೀರವ್ವನ ಮುಖ ಮಾತ್ರ ಗೋಡೆಯ ಕಡೆ ತಿರುಗಿತ್ತು. ಆಫೀಸಿನವರು ಬರುವುದನ್ನು ಅವಳು ದೂರದಿಂದಲೇ ಕಂಡಿದ್ದಳು. ಅದಕ್ಕೇ ತಿರುಗಿಸಿಕೊಂಡಿದ್ದಳು. ಕುತ್ತಿಗೆ ಹೊರಳಿದ ಆ ರೀತಿಯಲ್ಲಿ ತಡವರಿಕೆ ಇರಲಿಲ್ಲ. ಹದಿನಾಲ್ಕು ಸಲವೂ ಅವ್ವ ಹೀಗೇ ಕೂತಿದ್ದಳೆಂದು ದಕ್ಷಾಳಿಗೆ ಆಗ ಹೊಳೆಯಿತು.

ಫಕೀರವ್ವ ನಿಧಾನವಾಗಿ ಈ ಕಡೆ ತಿರುಗಿದಳು. ಶಲ್ಯದವರನ್ನು ನೋಡಿದಳು, ಮಗಳನ್ನು ನೋಡಿದಳು. ಎಲ್ಲರಿಗೂ ಕೇಳುವಂತೆ ದನಿ ಎತ್ತಿ ಕೇಳಿದಳು.

"ಏನು ಕೊಡ್ಲಿರೀ ಬಾಯಾರ? ಪುಂಡಿ ಐತಿ, ರಾಜಗಿರಿ ಐತಿ."

ಆಮೇಲೆ ತುಟಿ ಅಲುಗದಂತೆ ಮೆಲ್ಲಗೆ ಸೇರಿಸಿದಳು. "ನಿಮ್ಮ ಮಂದಿ ನೋಡಾಕತ್ತಾರ. ಏಳವಾ, ಹೋಗು."

"ಇವರು ಯಾರು ದಕ್ಷಾ?" ಸಾಮಂತನ ದನಿ ಸಣ್ಣಗಾಗಿತ್ತು.

"ನಾ ಯಾರೂ ಅಲ್ರೀ ಸಾಹೇಬ್ರ," ಎಂದಳು ಫಕೀರವ್ವ ಅವಸರದಿಂದ. "ಪಲ್ಯದಾಕಿ."

"ನಮ್ಮವ್ವ," ಎಂದಳು ದ್ರಾಕ್ಷಾಯಣಿ. ಗುಂಪಿನ ಕಡೆ ತಿರುಗಿ, ಹಿಂದಿನವರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದಳು. "ನಮ್ಮವ್ವ ಈಕಿ, ಸರ್. ಹಾರ್ಟಿಕಲ್ಚರ್ ಬಿಸಿನೆಸ್ ಅಂದಿದ್ನಲ್ಲಾ, ಇದ ಅದು."

ಅಂಗಡಿಯವರು ಶಲ್ಯವನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಹೊದ್ದರು. ಗೌಂಡಿಗಳು ಕಲ್ಲನ್ನು ಸದ್ದಿಲ್ಲದೆ ಗಾಡಿಗೆ ಹಿಂದಿರುಗಿಸಿದರು. ಯಾರೋ ಒಬ್ಬರು ತಮ್ಮ ತೆಂಗಿನಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಜಾಗ ಖಾಲಿ ಮಾಡಿದರು. ಇನ್ಯಾರೋ ಪುಂಡಿ ಕಟ್ಟಿಗೆ ಎಷ್ಟು ಎಂದು ಕೇಳಿದರು.

ದ್ರಾಕ್ಷಾಯಣಿ ಎದ್ದು ಹೋಗಲಿಲ್ಲ. ಅವ್ವನ ಪಕ್ಕದಲ್ಲಿ ಚೊಕ್ಕಟವಾದ ಖಾಲಿ ನೆಲವಿತ್ತು, ಕಂಪನಿಯವರೇ ಬರೆದ ನುಣ್ಣನೆಯ ಕಲ್ಲುಹಾಸು. ಅವಳು ಅಲ್ಲೇ ಕಾಲು ಮಡಚಿ ಕೂತಳು.

ನೆಲ ಸಮವಾಗಿರಲಿಲ್ಲ. ಬೆಚ್ಚಗೂ ಇತ್ತು.

ಅವಳ ಕಿವಿಯ ಪಕ್ಕದ ಖಾಲಿ ಗಾಳಿ ಒಮ್ಮೆ ಕೆಮ್ಮಿ, ಬಹಳ ಮರ್ಯಾದೆಯಿಂದ ಕೇಳಿತು: "ತಂಗೀ, ಒಂದೀಟು ಸರೀತಿಯೇನವಾ? ನನ್ನ ಕಾಲ ಮ್ಯಾಲ ಕುಂತೀದಿ."